ಒಣಬೊಡ್ಡೆಯ ಬೋನ್ಸಾಯ್: ಗಿಡ ಏಕೆ ಕೂಡಿಕೊಳ್ಳಲಿಲ್ಲ?

ಓದುಗರ ಪತ್ರ: ಲಿಂಗನಮಕ್ಕಿ ಹಿನ್ನೀರು ಇಳಿದಾಗ ಸಿಕ್ಕ ಒಂದು ಒಣಬೊಡ್ಡೆಗೆ ಜುನಿಪರ್ ಗಿಡವನ್ನು ಬೈಂಡಿಂಗ್ ವೈರಿನಿಂದ ಬಿಗಿದು ಕುಂಡದಲ್ಲಿ ನೆಟ್ಟಿದ್ದೇನೆ. ಎರಡು ಮಳೆಗಾಲ ಕಳೆದವು. ಗಿಡ ಬದುಕಿದೆ, ಆದರೆ ಮರಕ್ಕೆ ಕೂಡಿಕೊಂಡಿಲ್ಲ. ತಂತಿ ತೊಗಟೆಯೊಳಗೆ ಇಳಿದಿದೆ, ಬೊಡ್ಡೆಯ ಬುಡ ಮೆತ್ತಗಾಗಿದೆ. ಅಂಟು ಹಚ್ಚಿದರೆ ಕೂಡೀತೇ? ಇಂಥ ಬೋನ್ಸಾಯ್ ಮೋಸ ಅನ್ನುತ್ತಾರೆ ಗೆಳೆಯರು. ನಿಜವೇ? (ಸಾಗರ ತಾಲ್ಲೂಕಿನ ಓದುಗರು)

ಸಂಪಾದಕರ ಉತ್ತರ:

ಮಾನ್ಯರೇ,

ಎಷ್ಟು ವರ್ಷ ಕಾದರೂ ಆ ಗಿಡ ಆ ಬೊಡ್ಡೆಗೆ ಕೂಡಿಕೊಳ್ಳುವುದಿಲ್ಲ. ಮಾವಿಗೆ ಕಸಿ ಕಟ್ಟಿದಾಗ ಎರಡೂ ಕಡೆ ತೊಗಟೆಯ ಕೆಳಗಿನ ತೆಳುವಾದ ಹಸಿ ಪದರ, ಅಂದರೆ ಕ್ಯಾಂಬಿಯಂ, ಜೀವಂತವಾಗಿರುತ್ತದೆ. ಎರಡೂ ಹೊಸ ಕೋಶಗಳನ್ನು ಬೆಳೆಸಿ ಒಂದಾಗುತ್ತವೆ. ಒಣಮರದಲ್ಲಿ ಜೀವವಿರುವ ಅಂಥ ಪದರವೇ ಉಳಿದಿರುವುದಿಲ್ಲ. ಜಪಾನಿನವರು ತನುಕಿ ಎಂದೂ, ಪಾಶ್ಚಾತ್ಯರು ಫೀನಿಕ್ಸ್ ಕಸಿ ಎಂದೂ ಕರೆಯುವ ಈ ವಿಧಾನದಲ್ಲಿ, ಹೆಸರೇನೇ ಇರಲಿ, ಕಸಿ ನಡೆಯುವುದಿಲ್ಲ. ಮರದಲ್ಲಿ ಕೊರೆದ ತೋಡಿನೊಳಗೆ ಎಳೆಯ ಕಾಂಡವನ್ನು ಕೂರಿಸುತ್ತೇವೆ. ಕಾಂಡ ದಪ್ಪವಾಗುತ್ತ ತೋಡನ್ನು ತುಂಬಿ, ಅಂಚಿನ ಮೇಲೆ ಉಬ್ಬಿ, ತಾನೇ ಬಿಗಿದುಕೊಳ್ಳುತ್ತದೆ. ನೀವು ತೋಡನ್ನೇ ಕೊರೆಯದೆ ಹೊರಗಿನಿಂದ ಕಟ್ಟಿದ್ದೀರಿ. ಹಾಗಾಗಿ ಕಾಂಡಕ್ಕೆ ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಅಂಟು ಬೇಡವೇ ಬೇಡ. ಅಂಟು ಹಿಡಿಯುವುದು ಹೊರತೊಗಟೆಯನ್ನು, ಅದಂತೂ ಸತ್ತ ಪದರ. ಒಳಗಿನಿಂದ ಕಾಂಡ ಬೆಳೆದಂತೆ ಅದು ಬಿರಿದು ಉದುರುತ್ತದೆ, ಜೊತೆಗೆ ಅಂಟೂ ಹೋಗುತ್ತದೆ. ಅಷ್ಟರೊಳಗೆ ಅಂಟಿನ ಹಿಂದೆ ನೀರು ನಿಂತು ತೊಗಟೆ ಕೊಳೆತಿರುತ್ತದೆ.

ಈಗಿರುವ ಗಿಡವನ್ನು ಉಳಿಸಿಕೊಳ್ಳಿ. ತಂತಿಯನ್ನು ಬಿಚ್ಚಲು ಹೋಗಬೇಡಿ, ತೊಗಟೆಯೂ ಕಿತ್ತು ಬರುತ್ತದೆ. ಇಕ್ಕಳದಿಂದ ಪ್ರತಿ ಸುತ್ತನ್ನೂ ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ. ಪೂರ್ತಿ ಹೂತುಹೋದ ತುಣುಕನ್ನು ಅಲ್ಲೇ ಬಿಡಿ. ಗಿಡವನ್ನು ಬೇರೆ ಕುಂಡಕ್ಕೆ ಹಾಕಿ ಒಂದು ವರ್ಷ ಸುಮ್ಮನೆ ಬೆಳೆಯಲು ಬಿಡಿ. ಕಾಂಡ ಆಗಲೇ ಹೆಬ್ಬೆರಳಿನಷ್ಟು ದಪ್ಪವಾಗಿದ್ದರೆ ಅದು ಈ ಕೆಲಸಕ್ಕೆ ಬಗ್ಗುವುದಿಲ್ಲ, ಸಾಮಾನ್ಯ ಬೋನ್ಸಾಯ್ ಮಾಡಿ. ತೋಡಿಗೆ ಬೇಕಾದದ್ದು ಪೆನ್ಸಿಲಿನಷ್ಟು ದಪ್ಪದ, ಉದ್ದನೆಯ, ಬಳುಕುವ ಗಿಡ.

ಬೊಡ್ಡೆಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಸಲೀಸಾಗಿ ಇಳಿಯುವ ಜಾಗವನ್ನೆಲ್ಲ ಗಟ್ಟಿ ಕೆಚ್ಚು ಸಿಗುವವರೆಗೆ ಕೆತ್ತಿ ತೆಗೆಯಬೇಕು. ಕೆಚ್ಚೇ ಉಳಿಯದಿದ್ದರೆ ಆ ಮರವನ್ನು ಬಿಟ್ಟುಬಿಡಿ. ವರ್ಷಗಟ್ಟಲೆ ನೀರಿನಲ್ಲಿದ್ದ ನಾಟಾವನ್ನು ಬಿಸಿಲಿಗಿಟ್ಟರೆ ಸೀಳುತ್ತದೆ, ನೆರಳಲ್ಲಿ ಗಾಳಿಯಾಡುವಂತೆ ಕೆಲವು ತಿಂಗಳು ಒಣಗಿಸಬೇಕು. ಕಡಲತೀರದ ಮರವಾದರೆ ಮೊದಲು ಸಿಹಿನೀರಿನಲ್ಲಿ ಮುಳುಗಿಸಿ, ವಾರಕ್ಕೊಮ್ಮೆ ನೀರು ಬದಲಿಸುತ್ತ, ಆರು ವಾರವಾದರೂ ಇಟ್ಟು ಉಪ್ಪು ಬಿಡಿಸಬೇಕು. ಇಲ್ಲವಾದರೆ ಮಳೆ ಬಂದಾಗಲೆಲ್ಲ ಉಪ್ಪು ಬೇರಿಗೆ ಇಳಿಯುತ್ತದೆ.

ಇನ್ನೊಂದು ಮಾತು. ತೇಲಿಬಂದು ದಡ ಸೇರಿದ ನಾಟಾವನ್ನು, ಬೇರೆಯವರು ಹಕ್ಕು ಸಾಬೀತು ಮಾಡುವವರೆಗೆ, ಅರಣ್ಯ ಕಾಯ್ದೆ ಸರ್ಕಾರದ ಸ್ವತ್ತೆಂದೇ ಎಣಿಸುತ್ತದೆ. ವಲಯ ಅರಣ್ಯಾಧಿಕಾರಿಯನ್ನು ಕೇಳದೆ ಹಿನ್ನೀರಿನಿಂದ ಮರ ತರಬೇಡಿ. ತೋಟದಲ್ಲಿ ಕಿತ್ತ ಹಳೆಯ ಕಾಫಿ ಬೊಡ್ಡೆ, ಹುಣಸೆಯ ಕೆಚ್ಚು, ಬಳ್ಳಾರಿ ಜಾಲಿಯ ಬೇರುಗಡ್ಡೆ ಇವೆಲ್ಲ ಗಟ್ಟಿ, ತಿರುಚಿದ ರೂಪವೂ ಇರುತ್ತದೆ, ತಕರಾರೂ ಇಲ್ಲ. ಮಾವು, ಹಾಲುವಾಣ, ಸಿಲ್ವರ್ ಓಕ್ ಬೇಡ, ಮಲೆನಾಡಿನ ಮಳೆಗೆ ಬೇಗ ಕೊಳೆಯುತ್ತವೆ.

ಈಗ ತೋಡು. ಇಡೀ ಕೆಲಸದ ಗೆಲುವು ಸೋಲು ಇಲ್ಲಿದೆ. ಕಾಂಡ 8 ಮಿ.ಮೀ. ದಪ್ಪವಿದ್ದರೆ ತೋಡಿನ ಬಾಯಿಯೂ 8 ಮಿ.ಮೀ. ಇರಲಿ, ಒತ್ತಿದರೆ ಮಾತ್ರ ಕೂರುವಷ್ಟು ಬಿಗಿ. ಆಳ 10 ಮಿ.ಮೀ. ಇರಲಿ. ತಳದಲ್ಲಿ ಎರಡೂ ಪಕ್ಕಕ್ಕೆ ಒಂದೂವರೆ, ಎರಡು ಮಿ.ಮೀ. ಒಳಗೆ ಕೊರೆದು ಅಗಲ ಮಾಡಿ. ಬಾಯಿ ಕಿರಿದು, ತಳ ಅಗಲ. ಒಳಗೆ ಊದಿಕೊಂಡ ಕಾಂಡ ಆ ಬಾಯಿಯಿಂದ ಹೊರಬರಲಾರದು. ಹಲವರು ಕೊರೆಯುವ ಅರ್ಧವೃತ್ತದ ತೋಡಿನಲ್ಲಿ ಇದಕ್ಕೆ ತದ್ವಿರುದ್ಧವಾಗುತ್ತದೆ: ಕಾಂಡ ದಪ್ಪವಾದಷ್ಟೂ ಇಳಿಜಾರಿನಲ್ಲಿ ಜಾರಿ ಹೊರಗೆ ತಳ್ಳಿಸಿಕೊಳ್ಳುತ್ತದೆ, ಮೂರನೇ ವರ್ಷಕ್ಕೆ ಗಿಡ ಮತ್ತು ಮರದ ನಡುವೆ ಬೆರಳು ತೂರುವಷ್ಟು ಸಂದು. ತೋಡಿನ ಎರಡೂ ಪಕ್ಕ ಕನಿಷ್ಠ ಕಾಂಡದ ದಪ್ಪದಷ್ಟು ಮರ ಉಳಿದಿರಬೇಕು. ತೆಳ್ಳಗಿದ್ದರೆ ಬೆಳೆಯುವ ಕಾಂಡದ ಒತ್ತಡಕ್ಕೆ ಅಂಚು ಸೀಳಿಹೋಗುತ್ತದೆ.

ತೋಡು ಮರದ ನಾರಿನ ತಿರುವನ್ನೇ ಹಿಡಿದು ಸಾಗಬೇಕು. ಬುಡದಲ್ಲಿ ಪಕ್ಕದಿಂದ ಹೊರಟು, ಹಿಂದಕ್ಕೆ ಸುತ್ತಿ, ಮೇಲೆ ಮುಂದಕ್ಕೆ ಬರಲಿ. ಮುಂಭಾಗದಲ್ಲಿ ನೆಟ್ಟಗೆ ಮೇಲಕ್ಕೆ ಹೋದರೆ ಗೋಡೆಗೆ ಹೊಡೆದ ಪೈಪಿನಂತೆ ಕಾಣುತ್ತದೆ. ಬುಡದ ತುದಿ ಕೆಳಗೆ ತೆರೆದೇ ಇರಲಿ, ನೀರು ನಿಲ್ಲಬಾರದು. ಡೈ ಗ್ರೈಂಡರಿಗೆ (ಕೈಯಲ್ಲಿ ಹಿಡಿದು ಕೊರೆಯುವ ಯಂತ್ರ) 6 ಮಿ.ಮೀ. ಬಿಟ್ ಹಾಕಿದರೆ ಒಂದು ದಿನದ ಕೆಲಸ, ಉಳಿಯಿಂದಲೂ ಆಗುತ್ತದೆ. ಕನ್ನಡಕ, ಮಾಸ್ಕ್ ಇಲ್ಲದೆ ಕೊರೆಯಬೇಡಿ.

ಕೊರೆದ ಮೇಲೆ, ಗಿಡ ಕೂರಿಸುವ ಮೊದಲು, ಮರ ಬೇಗ ಕೊಳೆಯದಂತೆ ಅದಕ್ಕೆ ಸುಣ್ಣ-ಗಂಧಕದ ದ್ರಾವಣ ಬಳಿಯಬೇಕು. ಮರವನ್ನು ಸ್ವಲ್ಪ ತೇವ ಮಾಡಿ, ಬ್ರಷ್ಷಿನಿಂದ ಬಳಿದು, ಬಿಸಿಲಿಗಿಡಿ. ಹಳದಿ ಬಣ್ಣ ಬೆಳ್ಳಗಾಗುತ್ತದೆ. ಒಂದೆರಡು ದಿನ ಬಿಟ್ಟು ಇನ್ನೊಂದು ಸಲ ಬಳಿಯಿರಿ. ಸುಣ್ಣದಂಥ ಬಿಳುಪು ಬೇಡವೆನಿಸಿದರೆ ಕೆಲವೇ ಹನಿ ಕಪ್ಪು ಶಾಯಿ ಬೆರೆಸಿ. ದ್ರಾವಣಕ್ಕೆ ಕೊಳೆತ ಮೊಟ್ಟೆಯ ವಾಸನೆಯಿದೆ, ಬಯಲಲ್ಲೇ ಬಳಸಿ. ಆಮ್ಲವಿರುವ ಏನನ್ನೂ, ಟಾಯ್ಲೆಟ್ ಕ್ಲೀನರನ್ನೂ, ಅದರ ಹತ್ತಿರ ತರಬೇಡಿ, ವಿಷಾನಿಲ ಬರುತ್ತದೆ.

ನಿಮ್ಮ ಬೊಡ್ಡೆ ಬುಡದಲ್ಲಿ ಕೊಳೆತದ್ದು ಮಣ್ಣಿನಲ್ಲಿ ಹೂತದ್ದರಿಂದ. ಯಾವ ದ್ರಾವಣವೂ ಸದಾ ಒದ್ದೆಯಿರುವ ಮರವನ್ನು ಕಾಯಲಾರದು. ಬುಡವನ್ನು ಸಮನಾಗಿ ಕೊಯ್ದು, ತೆಳು ಎಪಾಕ್ಸಿ ರಾಳ ಕುಡಿಸಿ, 3 ಸೆಂ.ಮೀ. ದಪ್ಪದ ಗ್ರಾನೈಟ್ ತುಂಡಿನ ಮೇಲೆ ಸ್ಟೇನ್‌ಲೆಸ್ ಬೋಲ್ಟಿನಿಂದ ಬಿಗಿಯಿರಿ. ಮಣ್ಣು ಕಲ್ಲಿನ ಮಟ್ಟ ದಾಟದಿರಲಿ. ಬೇರುಗಳು ಕಲ್ಲಿನ ಪಕ್ಕದಿಂದ ಇಳಿಯಲಿ. ಗೆದ್ದಲಿಗೂ ದಾರಿ ಕಡಿಮೆಯಾಗುತ್ತದೆ.

ಕೂರಿಸುವಾಗ ಮರಕ್ಕೆ ತಾಗುವ ಕಡೆಯ ಕೊಂಬೆಗಳನ್ನು ಮಾತ್ರ ಕತ್ತರಿಸಿ. ಹೊರಮುಖದ ಕೊಂಬೆಗಳು ಇರಲಿ, ಕಾಂಡವನ್ನು ದಪ್ಪ ಮಾಡುವುದು ಅವುಗಳೇ. ಕಾಂಡದ ಬೆನ್ನಿನ ತೊಗಟೆ ಹೆರೆದರೆ ಬೇಗ ಉಬ್ಬುತ್ತದೆಂದು ಕೆಲವರು ಹಾಗೆ ಮಾಡುತ್ತಾರೆ. ನಿಮ್ಮ ಕಡೆಯ ಮಳೆಯಲ್ಲಿ ಆ ಗಾಯ ಕೊಳೆಯುವ ಸಂಭವವೇ ಹೆಚ್ಚು, ಬಿಡಿ. ಬುಡದಿಂದ ಮೇಲಕ್ಕೆ ಒತ್ತುತ್ತ ಬಂದು, ಸೈಕಲ್ ಟ್ಯೂಬಿನ 2 ಸೆಂ.ಮೀ. ಅಗಲದ ಪಟ್ಟಿಯನ್ನು ಎಳೆದು ಸುತ್ತಿ. ಟ್ಯೂಬ್ ಹಿಗ್ಗುವುದರಿಂದ ತಂತಿಯಂತೆ ಕಚ್ಚುವುದಿಲ್ಲ. ತಿರುವುಗಳಲ್ಲಿ ಕಾಂಡ ಎದ್ದು ಬರುತ್ತಿದ್ದರೆ ಪಕ್ಕದ ಮರಕ್ಕೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿ, ಅದರ ತಲೆಯ ಕೆಳಗೆ ರಬ್ಬರ್ ತುಂಡಿಟ್ಟು ಕಾಂಡವನ್ನು ಒತ್ತಿ ಹಿಡಿಸಿ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಮರಕ್ಕೆ ಕಪ್ಪು ಕಲೆ ಮಾಡುತ್ತದೆ. ಎರಡು ತಿಂಗಳಿಗೊಮ್ಮೆ ಪಟ್ಟಿ ಬಿಚ್ಚಿ ನೋಡಿ ಮತ್ತೆ ಕಟ್ಟಿ.

ಜುನಿಪರಿಗೆ ಮಳೆ ನಿಂತ ಮೇಲೆ, ನವೆಂಬರಿನಿಂದ ಜನವರಿಯೊಳಗೆ ಈ ಕೆಲಸ ಮಾಡಿ. ಬೇರಿನ ಹಳೆಯ ಮಣ್ಣನ್ನು ಪೂರ್ತಿ ತೊಳೆಯಬೇಡಿ, ಅರ್ಧ ಉಳಿಸಿ. 3ರಿಂದ 5 ಮಿ.ಮೀ. ಇಟ್ಟಿಗೆ ಚೂರು ಮತ್ತು ಜಲ್ಲಿ ಎಂಟು ಪಾಲು, ಹಳೆಯ ಕಾಂಪೋಸ್ಟ್ ಎರಡು ಪಾಲು ಸಾಕು. ಪುಡಿಯನ್ನು ಜರಡಿ ಹಿಡಿದು ತೆಗೆಯಲೇಬೇಕು. ಮಳೆಗಾಲದಲ್ಲಿ ಪಾರದರ್ಶಕ ಶೀಟಿನ ಕೆಳಗಿಡಿ. ಆಳವಿಲ್ಲದ ಬೋನ್ಸಾಯ್ ಕುಂಡ ಈಗಲೇ ಬೇಡ. ದೊಡ್ಡ ಕುಂಡದಲ್ಲಿ ಎರಡು ಮೂರು ವರ್ಷ ಸವರದೆ ಬೆಳೆಸಿದರೆ ಮಾತ್ರ ಕಾಂಡ ತೋಡು ತುಂಬುತ್ತದೆ. ಆಮೇಲೆ ಸವರುವಾಗಲೂ ಪ್ರತಿ ಕೊಂಬೆಯಲ್ಲಿ ಹಸಿರು ಉಳಿಸಿ, ಬೋಳಾದ ಜುನಿಪರ್ ಕೊಂಬೆ ಚಿಗುರುವುದಿಲ್ಲ.

ಆದರೆ ಸಾಗರದ ಮಳೆಗೆ ಜುನಿಪರಿಗಿಂತ ಆಲ, ಬಸರಿಗಳ ಬಳಗದ ಫೈಕಸ್ ಮೈಕ್ರೊಕಾರ್ಪ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಬೇಗ ದಪ್ಪವಾಗುತ್ತದೆ. ಒಂದೇ ಜಾತಿಯ ಎರಡು ಮೂರು ಗಿಡಗಳನ್ನು ಮರದ ಸುತ್ತ ಹಾಯಿಸಿದರೆ, ತಾಗಿದಲ್ಲಿ ಅವು ನಿಜವಾಗಿಯೇ ಬೆಸೆದುಕೊಂಡು ಬೊಡ್ಡೆಯನ್ನು ಬಲೆಯಂತೆ ಹಿಡಿಯುತ್ತವೆ. ಬೋಳಾದ ಕಾಂಡದಿಂದಲೂ ಚಿಗುರುತ್ತದೆ. ಅದಕ್ಕೆ ಮಳೆಗಾಲದ ಆರಂಭವೇ ಸರಿಯಾದ ಕಾಲ. ಹಿಮಗಾಳಿಗೆ ಅರ್ಧ ಸತ್ತ ಜಪಾನಿನ ಬೆಟ್ಟದ ಮರವನ್ನು ಜುನಿಪರ್ ನೆನಪಿಸುತ್ತದೆ, ಒಪ್ಪುತ್ತೇವೆ. ಸತ್ತ ಮರವನ್ನು ಅಪ್ಪಿ ನಿಂತ ಆಲ, ಬಸರಿಗಳನ್ನು ಮಾತ್ರ ನೀವು ನಿಮ್ಮ ಸುತ್ತಲಿನ ಕಾಡಿನಲ್ಲೇ ನೋಡಿ ಕಲಿಯಬಹುದು.

ಮೋಸದ ಪ್ರಶ್ನೆಗೆ ನಮ್ಮ ಉತ್ತರ ನೇರ. ಜಪಾನಿನ ಸಾಂಪ್ರದಾಯಿಕ ಬೋನ್ಸಾಯ್ ವಲಯ ಇದನ್ನು ಅಷ್ಟಾಗಿ ಒಪ್ಪಿಲ್ಲ. ಎಳೆಯ ಗಿಡವನ್ನು ಹಳೆಯ ಮರವೆಂದು ಹೇಳಿ ಮಾರಿದರೆ ಅದು ಮೋಸವೇ. ಪ್ರದರ್ಶನದ ಚೀಟಿಯಲ್ಲಿ ಮರ ಯಾವುದು, ಗಿಡ ಯಾವುದು, ಯಾವ ವರ್ಷ ಕೂಡಿಸಿದ್ದು ಎಂದು ಬರೆದಿಟ್ಟರೆ ಯಾರೂ ಬೆರಳು ತೋರಿಸಲಾರರು. ಹೊಸ ಬೊಡ್ಡೆಯನ್ನು ಈಗಲೇ ಹುಡುಕಿ ನೆರಳಿಗೆ ಹಾಕಿ, ಅದು ಒಣಗುವಷ್ಟರಲ್ಲಿ ಗಿಡವೂ ಚೇತರಿಸಿಕೊಂಡಿರುತ್ತದೆ.