ನೆಗಡಿ ಅಂತ ಕೋಚ್ ಮನೆಗೆ ಕಳಿಸಿದರೆ ಬೇಜಾರು ಮಾಡಿಕೊಳ್ಳಬೇಡ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ತೀರ್ಥಹಳ್ಳಿಯಿಂದ ಜರ್ಮನಿಗೆ ಓದೋಕೆ ಬಂದು ಎರಡು ತಿಂಗಳು, ಓಟದ ಕ್ಲಬ್ ಸೇರಿ ಒಂದು ತಿಂಗಳು. ಮೊನ್ನೆ ಕೆಮ್ಮಿಕೊಂಡೇ ಪ್ರಾಕ್ಟೀಸಿಗೆ ಹೋದರೆ ಕೋಚ್ ಬಾಗಿಲಲ್ಲೇ ವಾಪಸ್ ಕಳಿಸಿದರು, ಒಂದು ವಾರ ಬರಬೇಡ ಅಂದರು. "ಅಕ್ಕಾ, ಹೊಸಬ ಅಂತ ದೂರ ಇಡ್ತಿದ್ದಾರಾ? ಇಲ್ಲಿನ ಜೀವನ ಹೀಗೇನಾ?" ಅಂತ ಕೇಳಿದ್ದೀಯ.

ಇಲ್ಲ ಮಾರಾಯ. ನಾನು ಅಲ್ಲಿ 16 ವರ್ಷದಿಂದ ಇದ್ದೇನೆ. ಈಗ ದೀಪಾವಳಿಗೆ ಅಂತ ಸಾಗರಕ್ಕೆ ಬಂದಿದ್ದೇನೆ, ಅಂಗಳದಲ್ಲಿ ಅಡಿಕೆ ಬೇಯುತ್ತಿದೆ, ಜಗಲಿ ಮೇಲೆ ಕೂತು ಬರೆಯುತ್ತಿದ್ದೇನೆ. ಆ ಕೋಚ್ ನಿನಗೆ ಒಳ್ಳೆಯದನ್ನೇ ಮಾಡಿದ್ದಾರೆ.

ನಮ್ಮ ಕಡೆ ನೆಗಡಿ ಅಂದರೆ ಕಾಯಿಲೆ ಲೆಕ್ಕಕ್ಕೇ ಇಲ್ಲ, ಅಲ್ವಾ? ಶುಂಠಿ, ಕಾಳುಮೆಣಸು ಹಾಕಿದ ಕಷಾಯ ಕುಡಿ, ಬಚ್ಚಲಲ್ಲಿ ಹಂಡೆಯ ಬಿಸಿನೀರು ಹೊಯ್ದುಕೋ, ತೋಟಕ್ಕೆ ನಡೆ. ನಾನೂ ಹಾಗೇ ಬೆಳೆದವಳು. ಅಲ್ಲಿನ ನನ್ನ ಎರಡನೇ ಚಳಿಗಾಲದಲ್ಲಿ 39 ಡಿಗ್ರಿ ಜ್ವರ ಇತ್ತು. ಬ್ಯಾಡ್ಮಿಂಟನ್ ಲೀಗ್ ಮ್ಯಾಚಿಗೆ ಒಬ್ಬರು ಕಡಿಮೆ ಇದ್ದರು ಅಂತ ಎರಡು ಪ್ಯಾರಾಸಿಟಮಾಲ್ ನುಂಗಿ ಆಡಿದೆ. ಯಾರಿಗೂ ಹೇಳಲಿಲ್ಲ. ಹತ್ತು ದಿನ ಬಿಟ್ಟು ಎರಡನೇ ಮಹಡಿಗೆ ಮೆಟ್ಟಿಲು ಹತ್ತುವಾಗ ಉಸಿರು ಸಿಗಲಿಲ್ಲ, ಎದೆ ಹಿಂಡಿದ ಹಾಗಾಯಿತು. ಇಸಿಜಿ, ರಕ್ತ ಪರೀಕ್ಷೆ, ಎಂಆರ್‌ಐ ಎಲ್ಲ ಆದ ಮೇಲೆ ಗೊತ್ತಾಯಿತು: ಹೃದಯದ ಸ್ನಾಯುವಿಗೆ ಊತ, ಮಯೋಕಾರ್ಡೈಟಿಸ್. ಆರು ತಿಂಗಳು ಆಟ ಬಂದ್. ಬಸ್ಸಿಗೆ ಓಡುವುದೂ ಬೇಡ ಅಂದರು. ಪರದೇಶದಲ್ಲಿ ಒಬ್ಬಳೇ, ಅಮ್ಮನಿಗೆ ಫೋನಲ್ಲಿ ಹೇಳುವ ಧೈರ್ಯವೂ ಇರಲಿಲ್ಲ. ಆ ದಿನಗಳು ನಿನಗೆ ಬರಬಾರದು, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಫ್ಲೂ, ಕೊರೊನಾದಂಥ ವೈರಸ್ ಕೆಲವು ಸಲ ಗಂಟಲು, ಶ್ವಾಸಕೋಶಕ್ಕೆ ನಿಲ್ಲುವುದಿಲ್ಲ, ಹೃದಯದವರೆಗೂ ಹೋಗುತ್ತದೆ. ಎಲ್ಲರಿಗೂ ಆಗುವುದಿಲ್ಲ, ಅಪರೂಪ. ಆದರೆ ಆಗಿರುವಾಗ ಜೋರಾಗಿ ಓಡಿದರೆ ಊತ ಜಾಸ್ತಿಯಾಗುತ್ತದೆ, ಬಡಿತದ ಲಯ ತಪ್ಪುತ್ತದೆ, ಜೀವಕ್ಕೇ ಬರಬಹುದು. ಮಾತ್ರೆ ಜ್ವರವನ್ನು ಇಳಿಸುತ್ತದೆ ಅಷ್ಟೇ, ವೈರಸ್ ಒಳಗೇ ಇರುತ್ತದೆ. ಜ್ವರದಲ್ಲಿ ನಿನ್ನ ಟೈಮಿಂಗೂ ಸಿಗುವುದಿಲ್ಲ. ಸುಮ್ನೆ ಕೂತಿದ್ದರೂ ಹೃದಯ ಬೇಗ ಬಡಿಯುತ್ತದೆ, ಮೈಯ ನೀರು ಹೋಗುತ್ತದೆ, ಕಾಲಿಗೆ ಬಲ ಇರುವುದಿಲ್ಲ.

ದೊಡ್ಡ ದೊಡ್ಡ ಆಟಗಾರರಿಗೂ ಇದು ತಪ್ಪಿಲ್ಲ. ಬಯರ್ನ್ ಮ್ಯೂನಿಕ್ ಫುಟ್‌ಬಾಲ್ ಕ್ಲಬ್‌ನ ಅಲ್ಫೊನ್ಸೊ ಡೇವಿಸ್‌ಗೆ 2022ರ ಜನವರಿಯಲ್ಲಿ ಕೊರೊನಾ ಬಂದು ಹೋದ ಮೇಲೆ ಇದೇ ಊತ ಕಾಣಿಸಿತು. ಸಣ್ಣದೇ ಅಂದರೂ ಏಪ್ರಿಲ್‌ವರೆಗೆ ಆಡಿಸಲಿಲ್ಲ. ಅಷ್ಟು ದೊಡ್ಡ ಕ್ಲಬ್ಬೇ ಕಾಯುತ್ತದೆ ಅಂದಮೇಲೆ ನಿನ್ನನ್ನು ಒಂದು ವಾರ ಕೂರಿಸಿದ್ದರಲ್ಲಿ ಅವಮಾನ ಏನಿದೆ? ಅಮೆರಿಕದ ಓಟಗಾರ ನೋವಾ ಲೈಲ್ಸ್‌ದೂ ನೆನಪಿರಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಚಿನ್ನ ಗೆದ್ದರು, ಎರಡು ದಿನಕ್ಕೆ ಕೊರೊನಾ ಬಂತು. ಅದರಲ್ಲೇ 200 ಮೀಟರ್ ಓಡಿ 19.70 ಸೆಕೆಂಡಿಗೆ ಕಂಚು, ಓಟ ಮುಗಿದ ಮೇಲೆ ವೀಲ್‌ಚೇರಿನಲ್ಲಿ ಕರೆದುಕೊಂಡು ಹೋಗಬೇಕಾಯಿತು. ಅವರಿಗೆ ಮೊದಲೇ ಆಸ್ತಮಾ ಇದೆ. ಜನ ಹೊಗಳಿದರು, ನನಗೆ ನೋಡಿ ಹೊಟ್ಟೆ ಕಿವುಚಿದ ಹಾಗಾಯಿತು.

ನಿನಗೆ ಬರೀ ಮೂಗು ಸೋರುತ್ತಿದ್ದರೆ, ಜ್ವರ ಇಲ್ಲದಿದ್ದರೆ, ನಿಧಾನಕ್ಕೆ ಒಂದು ಸುತ್ತು ಓಡಬಹುದು, ಅದೂ ಒಬ್ಬನೇ. ಕೆಮ್ಮು ಎದೆಗಿಳಿದಿದ್ದರೆ, ಮೈಕೈ ನೋವು, ಜ್ವರ ಇದ್ದರೆ ಶೂ ಮುಟ್ಟಲೇಬೇಡ. ಹುಷಾರಾದ ಮೇಲೂ ಮೊದಲ ದಿನವೇ ಇಂಟರ್ವಲ್ (ಜೋರಾಗಿ ಓಡಿ, ನಡುವೆ ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಓಡುವುದು) ಓಡಬೇಡ. ನಡೆ, ಆಮೇಲೆ ಮೆಲ್ಲಗೆ ಓಡು, ಬೆಳಗ್ಗೆ ಎದ್ದ ತಕ್ಷಣ ನಾಡಿ ಎಣಿಸು, ಎಂದಿಗಿಂತ ಜಾಸ್ತಿ ಇದ್ದರೆ ಇನ್ನೊಂದು ದಿನ ಬಿಡು. ಎದೆ ನೋವು, ತಲೆ ಸುತ್ತು ಬಂದರೆ ಕಾಯಬೇಡ, ತುರ್ತು ನಂಬರ್ 112ಕ್ಕೆ ಫೋನ್ ಮಾಡು. ರಾತ್ರಿ ಅಥವಾ ರಜೆ ದಿನ ಡಾಕ್ಟರ್ ಬೇಕು, ಆದರೆ ತುರ್ತಿಲ್ಲ ಅಂದರೆ 116117. ವೈರಸ್ ನೆಗಡಿಗೆ ಆಂಟಿಬಯಾಟಿಕ್ ಕೊಡುವುದಿಲ್ಲ, ಟೀ ಕುಡಿದು ಮಲಗು ಅಂತಾರೆ. ನಮ್ಮವರಿಗೆ ಅದು ಉಡಾಫೆ ಅನ್ನಿಸುತ್ತದೆ, ಹಾಗಲ್ಲ. ವೈರಸ್‌ಗೆ ಆಂಟಿಬಯಾಟಿಕ್ ಕೆಲಸವೇ ಮಾಡುವುದಿಲ್ಲ.

ಮೆಡಿಕಲ್‌ನಲ್ಲಿ ನೆಗಡಿ ಮಾತ್ರೆ ತಗೊಳ್ಳುವಾಗ ಅದರಲ್ಲಿ ಸ್ಯೂಡೋಎಫೆಡ್ರಿನ್ (ಕಟ್ಟಿದ ಮೂಗು ಬಿಡಿಸುವ ಔಷಧಿ) ಇದೆಯಾ ಅಂತ ಕೇಳು. ಸ್ಪರ್ಧೆಯ ದಿನ ಅದು ಮೂತ್ರದಲ್ಲಿ ಮಿತಿ ಮೀರಿದರೆ ಡೋಪಿಂಗ್. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ರೊಮೇನಿಯಾದ 16 ವರ್ಷದ ಜಿಮ್ನಾಸ್ಟ್ ಆಂಡ್ರಿಯಾ ರಾದುಕಾನ್ ತಂಡದ ಡಾಕ್ಟರೇ ಕೊಟ್ಟ, ಇದೇ ಔಷಧಿ ಇದ್ದ ನೆಗಡಿ ಮಾತ್ರೆಯಿಂದ ಚಿನ್ನ ಕಳೆದುಕೊಂಡಳು. ಪಾಪ, ಏನೂ ಗೊತ್ತಿರದ ಹುಡುಗಿ.

ಇನ್ನು ಚಳಿಗಾಲ. ಹೀಟರ್ ಹಾಕಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನ ಕೂತರೆ ಒಬ್ಬರ ಕೆಮ್ಮು ಎಲ್ಲರಿಗೂ ಬರುತ್ತದೆ. ದಿನಕ್ಕೆರಡು ಸಲ ಕಿಟಕಿ ಪೂರ್ತಿ ತೆಗೆ. ಈ ತಿಂಗಳೇ ಫ್ಲೂ ಇಂಜೆಕ್ಷನ್ ಹಾಕಿಸಿಕೋ. ಕೋಚ್‌ಗೆ ಇವತ್ತೇ ಒಂದು ಮೆಸೇಜ್ ಹಾಕು: ಜ್ವರ ಎಷ್ಟಿತ್ತು, ಕೆಮ್ಮು ಹೇಗಿದೆ, ಯಾವಾಗ ಬರಲಿ ಅಂತ. ಅಲ್ಲಿ ನೇರವಾಗಿ ಹೇಳಿದರೆ ಗೌರವ ಜಾಸ್ತಿ, ಮುಚ್ಚಿಟ್ಟು ತಂಡಕ್ಕೆಲ್ಲ ಹರಡಿದರೆ ಬೇಸರ ಮಾಡಿಕೊಳ್ಳುತ್ತಾರೆ.

ನಾನು ಮುಂದಿನ ವಾರ ವಾಪಸ್ ಹೊರಡುತ್ತೇನೆ. ಸೂಟ್‌ಕೇಸಿನಲ್ಲಿ ಎರಡು ಕಿಲೋ ಜಾಗ ಇದೆ. ಅಮ್ಮನಿಗೆ ಕಷಾಯದ ಪುಡಿ ಮಾಡಿ ಸಾಗರಕ್ಕೆ ಬಸ್ಸಿಗೆ ಹಾಕಿಸಲು ಹೇಳು, ತಂದುಕೊಡುತ್ತೇನೆ.