ಧಾರವಾಡದ ಎಂ.ಎಂ. ಕಲಬುರ್ಗಿ ನಾಸ್ತಿಕರಾಗಿದ್ದರಾ?

ಹಾಗೆ ಕರೆಯುವುದು ಸರಿಯಲ್ಲ, ವಿಚಾರವಾದಿ ಎನ್ನಬಹುದು. ನಾಸ್ತಿಕ ಅಂದರೆ ದೇವರಿಲ್ಲ ಎನ್ನುವವರು, ವಿಚಾರವಾದಿ ಅಂದರೆ ಪುರಾವೆ ಕೇಳುವವರು. ಕಟ್ಟೆ ಮಾತಿನಲ್ಲಿ ಎರಡೂ ಒಂದೇ ಆಗಿಬಿಡುತ್ತವೆ, ಅಲ್ವಾ?

ಕಲಬುರ್ಗಿ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿದವರು. ಬದುಕಿನ ಬಹುಪಾಲು ವಚನ, ಶಾಸನಗಳ ಸಂಶೋಧನೆಯಲ್ಲೇ ಕಳೆದರು. ಲಿಂಗಾಯತ ಬೇರೆಯೇ ಧರ್ಮ ಎಂದು ವಾದಿಸಿದರು. ಧರ್ಮವೇ ಬೇಡ ಎನ್ನುವವರು ಸುಮ್ನೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರಾ? ಅವರ ಟೀಕೆ ಇದ್ದದ್ದು ಮೂಢನಂಬಿಕೆ, ಮೂರ್ತಿಪೂಜೆಗಳ ಮೇಲೆ. 2015ರ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದ ಮನೆಯಲ್ಲೇ ಅವರನ್ನು ಗುಂಡಿಕ್ಕಿ ಕೊಂದರು.

ಖಚಿತ ನಾಸ್ತಿಕರೇ ಬೇಕಿದ್ದರೆ ಭಗತ್ ಸಿಂಗ್ ಇದ್ದಾರೆ. ತಾನೇಕೆ ನಾಸ್ತಿಕ ಎಂದು 1930ರಲ್ಲಿ ಲಾಹೋರ್ ಜೈಲಿನಲ್ಲೇ ಬರೆದರು. ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡರ ಅಂತ್ಯಕ್ರಿಯೆಯೂ 2019ರಲ್ಲಿ ಅವರ ಇಚ್ಛೆಯಂತೆ ಯಾವ ಧಾರ್ಮಿಕ ವಿಧಿಯೂ ಇಲ್ಲದೆ ಮುಗಿಯಿತು.