ಕೆರೆಯ ತೀರ್ಮಾನ ಯಾರದು?

ಮಾನ್ಯರೇ,

ತಮ್ಮೂರಿನ ಕೆರೆಯ ಹೂಳೆತ್ತಿಸಲು ಬಂದ ಸಂಸ್ಥೆಯೊಂದರ ಕಾರ್ಯಕರ್ತರು ಸಭೆಯ ಮೇಲೆ ಸಭೆ ಕರೆದು, ‘ನಿಮಗೇನು ಬೇಕು, ನೀವೇ ಹೇಳಿ’ ಎನ್ನುತ್ತಲೇ ಬೇಸಿಗೆ ಕಳೆದರೆಂದೂ, ತಿಳಿದವರು ದಾರಿ ತೋರಿಸದೆ ಜನರನ್ನೇ ಕೇಳುವುದು ಹೊಣೆ ಜಾರಿಸಿಕೊಳ್ಳುವ ಉಪಾಯವಲ್ಲವೇ ಎಂದೂ ತಾವು ಅರಸೀಕೆರೆ ತಾಲ್ಲೂಕಿನಿಂದ ಬರೆದಿದ್ದೀರಿ. ಬೇಸಿಗೆ ತಪ್ಪಿದರೆ ಕೆರೆಯ ಕೆಲಸ ಮುಂದಿನ ವರ್ಷಕ್ಕೇ ಹೋಗುತ್ತದೆ; ತಮ್ಮ ಅಸಮಾಧಾನ ನ್ಯಾಯವಾದದ್ದು. ಆದರೆ ಜನರನ್ನು ಕೇಳುವ ಪದ್ಧತಿಯೇ ಅಲ್ಲಿ ಸೋತಿತೆಂಬುದನ್ನು ನಾನು ಒಪ್ಪಲಾರೆ.

ಸಮುದಾಯ ಅಭಿವೃದ್ಧಿಯಲ್ಲಿ ನಿರ್ದೇಶನಾತ್ಮಕ ಮತ್ತು ಅನಿರ್ದೇಶನಾತ್ಮಕ ಮಾರ್ಗಗಳನ್ನು ಬಿಡಿಸಿ ವಿವರಿಸಿದವರಲ್ಲಿ ಟಿ. ಆರ್. ಬ್ಯಾಟನ್ ಪ್ರಮುಖರು. ನೈಜೀರಿಯ, ಉಗಾಂಡಗಳಲ್ಲಿ ಶಿಕ್ಷಣ ಕ್ಷೇತ್ರದಲ್ಲಿ ದುಡಿದಿದ್ದ ಅವರು ಮ್ಯಾಡ್ಜ್ ಬ್ಯಾಟನ್ ಅವರೊಡನೆ 1967ರಲ್ಲಿ ಈ ವಿಷಯವನ್ನೇ ಕುರಿತು ಪುಸ್ತಕ ಪ್ರಕಟಿಸಿದರು. ಮೊದಲ ಮಾರ್ಗದಲ್ಲಿ ಜನರಿಗೆ ಯಾವುದು ಒಳ್ಳೆಯದು, ಅದನ್ನು ಹೇಗೆ ಮಾಡಬೇಕು ಎಂಬುದನ್ನು ಕಾರ್ಯಕರ್ತರೇ ನಿಶ್ಚಯಿಸುತ್ತಾರೆ; ಎರಡನೆಯದರಲ್ಲಿ ಜನರೇ ನಿಶ್ಚಯಿಸಲು ಅವರು ನೆರವಾಗುತ್ತಾರೆ. ನೆರವೆಂದರೆ ಸುಮ್ಮನಿರುವುದಲ್ಲ. ಹೂಳೆಷ್ಟಿದೆ, ಟ್ರ್ಯಾಕ್ಟರ್ ಬಾಡಿಗೆ ಎಷ್ಟಾದೀತು, ಗೋಡು ಮಣ್ಣು ಯಾರ ಹೊಲಕ್ಕೆ ಹೋಗಬೇಕು, ತೂಬಿನ ದುರಸ್ತಿಗೆ ಯಾರ ಅನುಮತಿ ಬೇಕು, ಮುಂದೆ ಏರಿ, ಕೋಡಿಗಳನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳನ್ನು ಒಂದೊಂದಾಗಿ ಸಭೆಯ ಮುಂದಿಟ್ಟು, ತಮಗೆ ತಿಳಿದದ್ದನ್ನೆಲ್ಲ ಹೇಳಿ, ತೀರ್ಮಾನವನ್ನು ಮಾತ್ರ ಜನರಿಗೆ ಬಿಡಬೇಕು. ‘ಏನು ಬೇಕು’ ಎಂದಷ್ಟೇ ಕೇಳಿ ಕುಳಿತವರು ಈ ಕೆಲಸವನ್ನು ಆರಂಭಿಸಲೇ ಇಲ್ಲ.

ನಮ್ಮ ಸೀಮೆಯ ಮಟ್ಟಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಸಭೆಯನ್ನು ಅದರ ಪಾಡಿಗೆ ಬಿಟ್ಟರೆ ಮಾತನಾಡುವವರು ಬಹುಮಟ್ಟಿಗೆ ಅಚ್ಚುಕಟ್ಟಿನಲ್ಲಿ ಹೆಚ್ಚು ಜಮೀನುಳ್ಳವರೇ. ಕೊನೆಯ ಗದ್ದೆಯವರು, ಕುರಿ ಮೇಯಿಸುವವರು, ದಲಿತ ಕೇರಿಯವರು, ಹೆಂಗಸರು ಹಿಂದೆಯೇ ನಿಂತಿರುತ್ತಾರೆ. ಅವರವರ ಕೇರಿಗೆ ಹೋಗಿ, ಅಲ್ಲೇ ಕುಳಿತು ಮಾತನಾಡಿಸದೆ ‘ಊರೇ ತೀರ್ಮಾನಿಸಿತು’ ಎಂದು ನಡಾವಳಿ ಬರೆದರೆ, ಅದು ಕೆಲವರ ಆಜ್ಞೆಗೆ ಎಲ್ಲರ ರುಜು ಹಾಕಿಸಿದಂತೆ.

ಮೇಲಿನಿಂದ ಹೇಳಿ ಮಾಡಿಸುವುದೇ ಸುಲಭವೆನ್ನುವವರು ಹಳೆಯ ಅನುಭವವನ್ನೂ ನೋಡಬೇಕು. 1952ರ ಅಕ್ಟೋಬರ್ 2ರಂದು ದೇಶದಲ್ಲಿ 55 ಯೋಜನೆಗಳೊಡನೆ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾಯಿತು; ಅಧಿಕಾರಿಗಳ ಮೂಲಕ ನಡೆದ ಅದು ಜನರ ಸ್ವಪ್ರೇರಣೆಯನ್ನು ಎಬ್ಬಿಸಲಾರದೆ ಹೋಯಿತೆಂದು, ಅದನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ಬಲವಂತರಾಯ್ ಮೆಹ್ತಾ ಸಮಿತಿ 1957ರಲ್ಲಿ ಗುರುತಿಸಿ, ಚುನಾಯಿತ ಪಂಚಾಯಿತಿಗಳಿಗೆ ಅಧಿಕಾರ ಕೊಡಬೇಕೆಂದು ಸೂಚಿಸಿತು.

ಹಾಗೆಂದು ಎಲ್ಲವನ್ನೂ ಚರ್ಚೆಗೆ ಬಿಡಲಾಗದು. ಕೊಪ್ಪ, ನರಸಿಂಹರಾಜಪುರ ಕಡೆ ಮಂಗನ ಕಾಯಿಲೆ ಕಾಣಿಸಿಕೊಂಡಾಗ ಕಾಡಿಗೆ ಹೋಗಬೇಡಿ, ಹೋಗಲೇಬೇಕಾದರೆ ಅದನ್ನು ಹರಡುವ ಉಣ್ಣೆ ಹುಳು ಕಚ್ಚದಂತೆ ತೈಲ ಹಚ್ಚಿಕೊಳ್ಳಿ ಎಂದು ಆರೋಗ್ಯ ಕಾರ್ಯಕರ್ತರು ನೇರವಾಗಿಯೇ ಹೇಳಬೇಕು. ಜೀವಕ್ಕೆ ಅಪಾಯವಿದ್ದಾಗ ನಿರ್ದೇಶನವೇ ಸರಿ. ಕೆರೆಯ ಸಂಗತಿ ಬೇರೆ. ಸಂಸ್ಥೆ ಹೋದ ಮೇಲೂ ಅದನ್ನು ಕಾಯಬೇಕಾದವರು ಊರಿನವರು.

ಆದ್ದರಿಂದ ಆ ಕಾರ್ಯಕರ್ತರನ್ನು ಕಳುಹಿಸಿಬಿಡುವ ಬದಲು, ಹೂಳಿನ ಅಳತೆ ಮತ್ತು ಖರ್ಚಿನ ಅಂದಾಜಿನೊಡನೆ ಮುಂದಿನ ಸಭೆಗೆ ಬರುವಂತೆಯೂ, ಅದಕ್ಕೆ ಮೊದಲು ಕೇರಿಕೇರಿಯಲ್ಲಿ ಮಾತನಾಡಿಸುವಂತೆಯೂ, ತೀರ್ಮಾನಕ್ಕೆ ದಿನಾಂಕ ಗೊತ್ತುಮಾಡುವಂತೆಯೂ ತಾವೇ ಕೇಳಿ. ಗ್ರಾಮಸಭೆಯಲ್ಲೂ ಈ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ.

— ಸಂಪಾದಕ